ರಕ್ತದಲ್ಲಿ ಯೀಸ್ಟ್: ಮೂರು ದಿನದ ಕೆಲಸ ಐದು ತಾಸಿನಲ್ಲಿ!

ಬೇಕರಿಯಲ್ಲಿ ಬನ್ನು ಉಬ್ಬಿಸುವ ಯೀಸ್ಟ್ ಎಲ್ಲರಿಗೂ ಗೊತ್ತು. ಪಾಪ, ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಅದರ ದಾಯಾದಿ ಕ್ಯಾಂಡಿಡಾ ಬೇರೆಯೇ ಆಸಾಮಿ. ನಮ್ಮ ಬಾಯಿ, ಕರುಳಿನಲ್ಲಿ ತೆಪ್ಪಗೆ ಕೂತಿರುತ್ತೆ. ಶುಗರ್ ಜಾಸ್ತಿಯಾದವರ ನಾಲಿಗೆ ಮೇಲೆ ಬಿಳಿ ಪೊರೆ ಕಟ್ಟಿ ಕಾಟ ಕೊಡುವುದೂ ಇದೇ. ಅದು ಸಣ್ಣ ತಂಟೆ ಬಿಡಿ. ಐಸಿಯುನಲ್ಲಿ ಮಲಗಿದವರ ರಕ್ತಕ್ಕೆ ನುಗ್ಗಿತೋ, ಪ್ರಾಣಕ್ಕೇ ಸಂಚಕಾರ! ಬ್ಯಾಕ್ಟೀರಿಯಾಕ್ಕೆ ಕೊಡುವ ಆಂಟಿಬಯಾಟಿಕ್ ಇದಕ್ಕೆ ನಾಟುವುದೇ ಇಲ್ಲ.

ಪತ್ತೆ ಹಚ್ಚುವುದು ಹೇಗೆ? ರಕ್ತವನ್ನು ಬಾಟಲಿಗೆ ಹಾಕಿ, ಬೆಚ್ಚಗಿಟ್ಟು, ಯೀಸ್ಟ್ ಬೆಳೆಯಲಿ ಅಂತ ಕಾಯೋದು. ಎರಡು ಮೂರು ದಿನ ಬೇಕು. ಅಷ್ಟು ಕಾದರೂ ಹತ್ತಿರ ಹತ್ತಿರ ಅರ್ಧದಷ್ಟು ಕೇಸುಗಳಲ್ಲಿ ಅದು ಸಿಕ್ಕುವುದೇ ಇಲ್ಲ. ಅಲ್ಲಿಯವರೆಗೆ ವೈದ್ಯರು ಅಂದಾಜಿನ ಮೇಲೆ ದುಬಾರಿ ಔಷಧ ಶುರು ಮಾಡಬೇಕು, ಇಲ್ಲವೇ ಕಾಯಬೇಕು. ಕಾದಷ್ಟೂ ಅಪಾಯ ಏರುತ್ತೆ, ಬಿಲ್ಲೂ ಏರುತ್ತೆ.

ಇಲ್ಲಿ ನೆರವಿಗೆ ಬಂದಿದ್ದು ನ್ಯಾನೊ ಕಣ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ನ್ಯಾನೊಮೀಟರ್. 2014ರಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟ ಟಿ2ಕ್ಯಾಂಡಿಡಾ ಪರೀಕ್ಷೆಯಲ್ಲಿ ರಕ್ತವನ್ನು ನೇರವಾಗಿ ಯಂತ್ರಕ್ಕೇ ಇಡುತ್ತಾರೆ. ಯಂತ್ರ ಯೀಸ್ಟನ್ನು ಒಡೆದು, ಅದರ ಡಿಎನ್‌ಎಗೆ ಸಾವಿರಾರು ನಕಲು ತೆಗೆಯುತ್ತೆ. ಅಯಸ್ಕಾಂತ ಗುಣದ ನ್ಯಾನೊ ಕಣಗಳು ಆ ನಕಲುಗಳಿಗೆ ಅಂಟಿಕೊಂಡು ಗುಂಪುಗೂಡುತ್ತವೆ. ಆಗ ಕೊಳವೆಯ ನೀರಿನ ಅಯಸ್ಕಾಂತೀಯ ವರ್ತನೆ ಬದಲಾಗುತ್ತೆ. ಅದೇ ಸುಳಿವು! ಮೂರರಿಂದ ಐದು ತಾಸಿನಲ್ಲಿ ಫಲಿತಾಂಶ. ಯೀಸ್ಟ್ ಇಲ್ಲ ಅಂತ ಬಂದರೂ ಲಾಭವೇ, ಬೇಡದ ಔಷಧ ನಿಲ್ಲಿಸಬಹುದು.

ಆದರೆ ಆ ಪರೀಕ್ಷೆ ಹಿಡಿಯುತ್ತಿದ್ದದ್ದು ಐದು ಬಗೆಯ ಕ್ಯಾಂಡಿಡಾಗಳನ್ನು ಮಾತ್ರ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಲ್ಲಿ ಸಿಕ್ಕಿದ್ದಾಗಿ ವರದಿಯಾದ ಕ್ಯಾಂಡಿಡಾ ಆರಿಸ್ ಆ ಪಟ್ಟಿಯಲ್ಲಿರಲಿಲ್ಲ. ಹಲವು ಔಷಧಕ್ಕೆ ಜಗ್ಗದ, ಆಸ್ಪತ್ರೆ ಮಂಚದ ಕಂಬಿಗೂ ಅಂಟಿಕೊಂಡು ಹರಡುವ ಈ ಖದೀಮನನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅತಿ ಅಪಾಯದ ಗುಂಪಿಗೆ ಸೇರಿಸಿತು.

ಚಿನ್ನದ ಕಣಗಳ ಪ್ರಯೋಗವೂ ನಡೆದಿದೆ. ಅಕ್ಕಸಾಲಿಗರೂ ನಂಬಲಿಕ್ಕಿಲ್ಲ: ನ್ಯಾನೊ ಗಾತ್ರದ ಚಿನ್ನ ನೀರಿನಲ್ಲಿ ಕೆಂಪು, ಗುಂಪುಗೂಡಿದರೆ ನೀಲಿ! ಬಣ್ಣ ಬರಿಗಣ್ಣಿಗೇ ಕಾಣುತ್ತೆ. ಲ್ಯಾಬಿನಲ್ಲಿ ಇದು ಸಲೀಸು. ರೋಗಿಯ ರಕ್ತದಲ್ಲೋ, ಒಂದು ಮಿಲಿಲೀಟರಿಗೆ ಒಂದೇ ಯೀಸ್ಟ್ ಕೋಶ ಇದ್ದರೂ ಉಂಟು. ಅಕ್ಕಿ ಮೂಟೆಯಲ್ಲಿ ಒಂದು ಕಲ್ಲು ಹುಡುಕಿದ ಹಾಗೆ.

ನಿಮ್ಮವರು ಯಾರಾದರೂ ಐಸಿಯುನಲ್ಲಿದ್ದು, ಆಂಟಿಬಯಾಟಿಕ್ ಕೊಟ್ಟರೂ ಜ್ವರ ಬಿಡದಿದ್ದರೆ, "ಡಾಕ್ಟ್ರೇ, ಫಂಗಸ್‌ಗೂ ಟೆಸ್ಟ್ ಕಳ್ಸಿದ್ದೀರಾ?" ಅಂತ ಕೇಳೋದಕ್ಕೆ ಸಂಕೋಚ ಬೇಡ.