ಸೀತಾಫಲದ ಮಿಲ್ಕ್‌ಶೇಕ್ ಮನೆಯಲ್ಲಿ ಏಕೆ ಕಹಿ?

ಪ್ರಶ್ನೆ: ಸೊಲ್ಲಾಪುರದ ಅಂಗಡಿಯ ಸೀತಾಫಲದ ಮಿಲ್ಕ್‌ಶೇಕ್ ದಪ್ಪಗೆ, ಸಿಹಿಯಾಗಿರುತ್ತದೆ. ಮನೆಯಲ್ಲಿ ಮಾಡಿದರೆ ಕಹಿ, ನೀರು ನೀರು. ಏಕೆ?
– ಓದುಗರೊಬ್ಬರು, ಅಕ್ಕಲಕೋಟ

ಉತ್ತರ: ನನ್ನ ಮೊದಲ ಅನುಮಾನ ಬೀಜದ ಮೇಲೆ. ಬೀಜಸಮೇತ ಮಿಕ್ಸಿಗೆ ಹಾಕಿದರೆ ಕಹಿಯಷ್ಟೇ ಅಲ್ಲ, ಅಪಾಯ ಕೂಡ. ಹೇನು ಕೊಲ್ಲಲು ಹಳ್ಳಿಗಳಲ್ಲಿ ಬಳಸುತ್ತಿದ್ದದ್ದು ಇದೇ ಬೀಜದ ಪುಡಿಯನ್ನು. ಕಣ್ಣಿಗೆ ತಗುಲಿದರೆ ದೊಡ್ಡ ಫಜೀತಿ. ತಿರುಳನ್ನು ಜರಡಿಯ ಮೇಲೆ ಬೆರಳಿಂದ ಉಜ್ಜಿ, ಒಂದೊಂದು ಬೀಜವನ್ನೂ ತೆಗೆಯಿರಿ. ಇನ್ನೊಂದು ಕಾರಣ ಬಿಸಿ. ಕಾಯಿಸಿದರೆ ಈ ಹಣ್ಣು ಕಹಿಯಾಗುತ್ತದೆ. ಹಾಲು ಪೂರ್ತಿ ತಣಿದ ಮೇಲೇ ಬೆರೆಸಿ. ಐಸ್ ಹಾಕಿದರೆ ನೀರಾಗುವುದು ಸಹಜ, ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿದ ಹಾಲನ್ನೇ ಹಾಕಿ. ಸಕ್ಕರೆ ಕೊನೆಗೆ, ಅದೂ ರುಚಿ ನೋಡಿಕೊಂಡು. ನಿಮ್ಮದೇ ಜಿಲ್ಲೆಯ ಬಾರ್ಶಿ ಕಡೆಯ ಗೋಲ್ಡನ್ ತಳಿ ಸಿಕ್ಕರೆ ಅದನ್ನೇ ಕೊಳ್ಳಿ, ಬೀಜ ಕಡಿಮೆ.