ಏಂದೋರಿನ ಹೆಂಗಸು ಬಡಿಸಿದ ಊಟ

ಅಪ್ಪ ಹೋಗಿ ಒಂದು ವರ್ಷವಾಯಿತು. ಅವರ ವಾಟ್ಸಾಪ್ ಧ್ವನಿಸಂದೇಶಗಳು ಇನ್ನೂ ನನ್ನ ಫೋನಿನಲ್ಲಿವೆ. ಹೆಚ್ಚಿನವು 'ಊಟ ಆಯ್ತಾ, ಮಳೆ ಬಂತಾ' ಎನ್ನುವಂಥವು. ಇಲ್ಲಿ ಪುಣೆಯ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬ, ಅಷ್ಟು ಆಡಿಯೋ ಇದ್ದರೆ ಅಪ್ಪನಂತೆ ಮಾತಾಡುವ ಬಾಟ್ ಮಾಡಿಕೊಡುತ್ತೇನೆ ಎಂದ. ಬೇಡ ಎಂದೆ. ಯಾಕೆ ಅಂದರೆ ಹೇಳಲಾಗಲಿಲ್ಲ. ಆ ರಾತ್ರಿ ಹೀಬ್ರೂ ಬೈಬಲ್ಲಿನ ಸೌಲನ ಕಥೆಯನ್ನು ಮತ್ತೆ ತೆಗೆದು ಓದಿದೆ.

ಸೌಲ ಇಸ್ರೇಲಿನ ಮೊದಲ ಅರಸ. ಸತ್ತವರನ್ನು ಕರೆಸಿ ಮಾತಾಡಿಸುವವರನ್ನು ದೇಶದಿಂದ ಓಡಿಸಿದವನು. ಅಂಥ ಪ್ರೇತಕ್ಕೆ ಹೀಬ್ರೂವಿನಲ್ಲಿ 'ಓಬ್' ಎನ್ನುತ್ತಾರೆ. ಜೊತೆಯಲ್ಲೇ ಬರುವ ಇನ್ನೊಂದು ಪದ 'ಯಿದ್ದೆಓನಿ', ಅಂದರೆ ಬಲ್ಲವನು. ಯಾಜಕಕಾಂಡದ ಪ್ರಕಾರ ಇದಕ್ಕೆ ಕಲ್ಲೆಸೆದು ಕೊಲ್ಲುವ ಶಿಕ್ಷೆ. ಆದರೂ ಪದ್ಧತಿ ಸಾಯಲಿಲ್ಲ. ಎಷ್ಟೋ ಕಾಲದ ಮೇಲೆ ಯೆಹೂದದ ಮನಸ್ಸೆ ರಾಜನೇ ಅದನ್ನು ನಡೆಸಿದ, ಮೊಮ್ಮಗ ಯೋಷೀಯ ಬಂದು ಮತ್ತೆ ಕಿತ್ತುಹಾಕಬೇಕಾಯಿತು.

ಒಂದನೆಯ ಸಮುವೇಲ, 28ನೇ ಅಧ್ಯಾಯ. ಫಿಲಿಷ್ಟಿಯರ ಸೈನ್ಯ ಎದುರಿಗಿದೆ. ಸೌಲ ದೇವರನ್ನು ಕೇಳುತ್ತಾನೆ. ಕನಸಿನಲ್ಲೂ ಉತ್ತರವಿಲ್ಲ, ಪ್ರವಾದಿಗಳಿಂದಲೂ ಇಲ್ಲ. ತನ್ನನ್ನು ಅಭಿಷೇಕಿಸಿದ ಸಮುವೇಲ ತೀರಿಕೊಂಡಿದ್ದಾನೆ. ಕೊನೆಗೆ ವೇಷ ಮರೆಸಿಕೊಂಡು ರಾತ್ರಿ ಏಂದೋರಿಗೆ, ಅಡಗಿ ಬದುಕುತ್ತಿದ್ದ ಒಬ್ಬ ಹೆಂಗಸಿನ ಮನೆಗೆ ಹೋಗುತ್ತಾನೆ. ಇದು ತನ್ನ ಜೀವಕ್ಕೆ ಒಡ್ಡಿದ ಬಲೆ ಎಂದು ಆಕೆ ಹೆದರುತ್ತಾಳೆ. ಆಣೆ ಇಟ್ಟ ಮೇಲೆ ಸಮುವೇಲನನ್ನು ಕರೆಯುತ್ತಾಳೆ.

ನನಗೆ ಅಚ್ಚರಿಯೆಂದರೆ, ಕಥೆ ಇದನ್ನು ಮೋಸ ಎನ್ನುವುದೇ ಇಲ್ಲ. ಗ್ರೀಕ್ ಅನುವಾದಕರೇನೋ ಆಕೆಯನ್ನು 'ಹೊಟ್ಟೆಯಿಂದ ಮಾತಾಡುವವಳು' ಎಂದರು. ಮೂಲದಲ್ಲಿ ಆ ಅನುಮಾನವಿಲ್ಲ. ನಿಲುವಂಗಿ ಹೊದ್ದ ಮುದುಕ ನಿಜಕ್ಕೂ ನೆಲದಿಂದ ಎದ್ದು ಬರುತ್ತಾನೆ. ಆಕೆ ಅವನನ್ನು 'ಎಲೋಹೀಮ್' ಎನ್ನುತ್ತಾಳೆ, ದೇವರಿಗೆ ಬಳಸುವ ಅದೇ ಪದ. ಬಂದವನಿಗೆ ಮಾತ್ರ ಸಿಟ್ಟು: ನನ್ನನ್ನು ಯಾಕೆ ಎಬ್ಬಿಸಿದೆ? ಬದುಕಿದ್ದಾಗ ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ (ನಮ್ಮ ಬಾಟ್ ಕೂಡ ಅಷ್ಟೇ ತಾನೆ ಮಾಡುವುದು). ಹೊಸದಾಗಿ ಸೇರಿಸುವುದು ಸಾವಿನ ಸುದ್ದಿ: ನಾಳೆ ನೀನೂ ನಿನ್ನ ಮಕ್ಕಳೂ ನನ್ನ ಜೊತೆ ಇರುತ್ತೀರಿ.

ಸೌಲ ಉದ್ದಕ್ಕೆ ನೆಲಕ್ಕೆ ಬೀಳುತ್ತಾನೆ. ಹಗಲೂ ರಾತ್ರಿಯೂ ಏನೂ ತಿಂದಿಲ್ಲ. ಇವನ ಕಾನೂನಿಗೆ ಹೆದರಿ ಬದುಕಿದ ಹೆಂಗಸೇ ಒಂದು ತುತ್ತಾದರೂ ತಿನ್ನು ಎಂದು ಒತ್ತಾಯಿಸುತ್ತಾಳೆ. ಬೇಡ ಎನ್ನುತ್ತಾನೆ, ಆಕೆ ಬಿಡುವುದಿಲ್ಲ. ಮನೆಯಲ್ಲಿದ್ದ ಕೊಬ್ಬಿದ ಕರುವನ್ನು ಕೊಯ್ದು, ಹಿಟ್ಟು ನಾದಿ, ರೊಟ್ಟಿ ಸುಟ್ಟು ಬಡಿಸುತ್ತಾಳೆ. ಅವನು ಉಂಡು, ಆ ರಾತ್ರಿಯೇ ಎದ್ದು ಗಿಲ್ಬೋವದ ಕಡೆ ಹೊರಡುತ್ತಾನೆ.