ಶಸ್ತ್ರಚಿಕಿತ್ಸೆಯ ರೋಗಿಗೆ ಗಂಜಿಯೊಂದೇ ಸಾಲದು

ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಸೀಮೆಯ ಮನೆಗಳಲ್ಲಿ ಯಾರಿಗಾದರೂ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಬೇಕೆಂದರೆ ಕೋಲಾರದ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಕರೆತರುವವರು ಬಹಳ ಮಂದಿ. ವೈದ್ಯರು ಯಾರು, ಖರ್ಚೆಷ್ಟು, ರಕ್ತ ಬೇಕಾದೀತೇ ಎಂಬುದನ್ನೆಲ್ಲ ವಿಚಾರಿಸುತ್ತೇವೆ. ಆದರೆ ರೋಗಿಯು ಈಚಿನ ವಾರಗಳಲ್ಲಿ ಎಷ್ಟು ಉಂಡಿದ್ದಾರೆ, ಎಷ್ಟು ಇಳಿದುಹೋಗಿದ್ದಾರೆ ಎಂಬುದನ್ನು ತಾವಾಗಿ ಹೇಳುವ ಬಂಧುಗಳು ವಿರಳ. ಗಾಯ ಮಾಯುವುದಾದರೋ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಈ ಸಂಗತಿ ಹೊಸದಲ್ಲ. ಅಮೆರಿಕದ ಹೈರಮ್ ಸ್ಟಡ್ಲಿ ಎಂಬ ಶಸ್ತ್ರವೈದ್ಯರು ಜಠರದ ಹುಣ್ಣಿಗೆ ಶಸ್ತ್ರಚಿಕಿತ್ಸೆಯಾದವರ ಲೆಕ್ಕವನ್ನು ೧೯೩೬ರಲ್ಲಿ ಪ್ರಕಟಿಸಿದರು. ಮೊದಲೇ ದೇಹತೂಕದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ನೂರಕ್ಕೆ ೩೩ ಮಂದಿ ತೀರಿಕೊಂಡಿದ್ದರು. ಉಳಿದವರಲ್ಲಿ ನೂರಕ್ಕೆ ನಾಲ್ವರೂ ಇಲ್ಲ. ಕತ್ತರಿ ಹಾಕಿದೊಡನೆ ದೇಹವು ಸ್ನಾಯುಗಳನ್ನೇ ಕರಗಿಸಿ ಸಸಾರಜನಕವನ್ನು ಒದಗಿಸಿಕೊಳ್ಳುತ್ತದೆ. ಆ ಸಂಗ್ರಹ ಬರಿದಾಗಿದ್ದರೆ ಹೊಲಿಗೆ ಬಿಡಬಹುದು, ಕೀವಾಗಬಹುದು. ಕೆಮ್ಮಿ ಕಫ ತೆಗೆಯಲೂ ತ್ರಾಣವಿರದು. ಸ್ಥೂಲದೇಹಿಗಳೂ ಇದಕ್ಕೆ ಹೊರತಲ್ಲ. ಆದುದರಿಂದಲೇ ಆರು ತಿಂಗಳಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ತೂಕ ಇಳಿದವರಿಗೆ, ತುರ್ತಿಲ್ಲದಿದ್ದರೆ, ಶಸ್ತ್ರಚಿಕಿತ್ಸೆಯನ್ನು ೭ರಿಂದ ೧೪ ದಿನ ಮುಂದೂಡಿ ಪೋಷಣೆ ಕೊಡುವುದು ಮೇಲೆಂಬುದು ಇಂದಿನ ತಜ್ಞರ ನಿಲುವು. ಹಾಗೆ ತಡವಾದರೆ ಮನೆಯವರು ಸಿಡಿಮಿಡಿಗೊಳ್ಳಬೇಕಾಗಿಲ್ಲ.

ನಮ್ಮ ಜನರಿಗೆ ಗ್ಲೂಕೋಸ್ ಬಾಟಲಿಯ ಮೇಲೆ ಅಪಾರ ನಂಬಿಕೆ. ಅರ್ಧ ಲೀಟರಿನ ಸಾಮಾನ್ಯ ಬಾಟಲಿಯಲ್ಲಿ ಇರುವುದು ೨೫ ಗ್ರಾಂ ಸಕ್ಕರೆ, ಸುಮಾರು ೧೦೦ ಕ್ಯಾಲೊರಿ. ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆಯಲ್ಲಿ ಅದರ ಮೂರರಷ್ಟಿದೆ! ನೀರು ಲವಣಗಳಿಗಾಗಿ ಬಾಟಲಿ ಅಗತ್ಯವೇ ಹೊರತು ಅದು ಊಟವಲ್ಲ.

ಇನ್ನು ಪಥ್ಯದ ಮಾತು. ಅವರೆ ನಂಜು, ಬೇಳೆ ವಾಯು, ಹಾಲು ಮೊಸರಿನಿಂದ ಕೀವು ಎಂದು ಒಂದೊಂದನ್ನೇ ದೂರವಿಟ್ಟು ಕೊನೆಗೆ ಗಂಜಿ, ಬ್ರೆಡ್ಡು, ಎಳನೀರಿಗೆ ಬಂದು ನಿಲ್ಲುತ್ತೇವೆ. ಮಾಂಸ ಮೊಟ್ಟೆ ಮುಟ್ಟದ ನಮ್ಮ ಮನೆಗಳಲ್ಲಿ ಸಸಾರಜನಕಕ್ಕೆ ಹಾಲು ಮೊಸರು, ಬೇಳೆಕಾಳುಗಳೇ ಆಧಾರ. ಅವನ್ನೇ ಕಿತ್ತುಕೊಂಡರೆ ರೋಗಿಗೆ ಉಳಿಯುವುದಾದರೂ ಏನು? ಹಾಲಿನಿಂದ ಗಾಯ ಕೀವಾಗುವುದಿಲ್ಲ. ಐವತ್ತು ಕಿಲೋ ತೂಕದವರಿಗೆ ಈ ದಿನಗಳಲ್ಲಿ ನಿತ್ಯವೂ ಸುಮಾರು ೭೫ ಗ್ರಾಂ ಸಸಾರಜನಕ ಬೇಕು. ಲೋಟ ಗಂಜಿಯಲ್ಲಿ ೨ ಗ್ರಾಂ ದೊರೆತರೆ ಹೆಚ್ಚು; ಅರ್ಧ ಲೀಟರ್ ಹಾಲಿನಲ್ಲಿ ಸುಮಾರು ೧೬ ಗ್ರಾಂ ಇದೆ. ವೈದ್ಯರು ಊಟಕ್ಕೆ ಅಪ್ಪಣೆಯಿತ್ತ ಮೇಲೆ ಹಾಲು ಬೆರೆಸಿದ ರಾಗಿ ಗಂಜಿ, ಹೆಸರುಬೇಳೆಯ ಮೆತ್ತನೆಯ ಪೊಂಗಲು, ಮೊಸರನ್ನ, ಹಿಸುಕಿದ ಪನೀರುಗಳನ್ನು ದಿನಕ್ಕೆ ಐದಾರು ಸಲ ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಯುಳ್ಳವರಿಗೆ ಮಾತ್ರ ವೈದ್ಯರು ಹೇಳಿದ ಅಳತೆಯೇ ಪ್ರಮಾಣ.

ಬಾಯಿಂದ ಸಾಕಷ್ಟು ಸೇವಿಸಲಾಗದಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡುತ್ತಾರೆ. ಇದನ್ನು ಕಂಡು ಕಡೆಗಾಲ ಬಂತೆಂದು ಕಣ್ಣೀರಿಡುವವರಿದ್ದಾರೆ. ಕರುಳು ಕೆಲಸ ಮಾಡುತ್ತಿದೆ, ಅದನ್ನು ಬಳಸಿಕೊಳ್ಳೋಣ ಎಂಬುದೇ ಅದರ ಅರ್ಥ. ಆದರೆ ಹತ್ತಾರು ದಿನ ಉಣ್ಣದವರಿಗೆ ಒಮ್ಮೆಲೇ ಹೊಟ್ಟೆತುಂಬ ಉಣಿಸುವುದು ಅಪಾಯಕರ. ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೇ ಧಕ್ಕೆಯಾದೀತು.

ಅರಿವಳಿಕೆಗೆ ಮುನ್ನ ಘನಾಹಾರವನ್ನು ೬ ಗಂಟೆ, ತಿಳಿನೀರನ್ನು ೨ ಗಂಟೆ ಬಿಡುವುದು ಸಾಮಾನ್ಯ ನಿಯಮ. ಹಿಂದಿನ ಸಂಜೆಯಿಂದಲೇ ತೊಟ್ಟು ನೀರೂ ಕೊಡದಿರುವ ಮೊದಲು ಅರಿವಳಿಕೆ ವೈದ್ಯರನ್ನು ಕೇಳಿರಿ. ಸೋಮವಾರದ ಉಪವಾಸವನ್ನು ತಪ್ಪದೆ ನಡೆಸುವ ಹಿರಿಯರಿದ್ದರೆ ಅದನ್ನೂ, ಆರು ತಿಂಗಳ ಹಿಂದಿನ ತೂಕವನ್ನೂ ದಾಖಲಾಗುವ ದಿನವೇ ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡುವುದು ಲೇಸು.